ಮುಷ್ಟಿಯೆತ್ತರದ ಸೂರ್ಯ

ನೀವು ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್‌ಗೆ ಬಂದಿಳಿದವರಾದರೆ ಈ ಊರು ನಿಮ್ಮನ್ನು ಬೆಳಕಿನಿಂದಲೇ ಬರಮಾಡಿಕೊಂಡಿರುತ್ತದೆ. ರಾತ್ರಿ ಎಂಟೂವರೆಯಾದರೂ ಬೆಳಕು. ಊಟ ಮುಗಿಸಿ ನೀರಿನ ದಂಡೆಯಲ್ಲಿ ನಡೆದಾಡಿ, ಊರಿಗೆ ಫೋನ್ ಮಾಡಿ ಅದನ್ನೇ ಹೇಳಿರುತ್ತೀರಿ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದಲೇ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ನವೆಂಬರ್ ಬಂತೆಂದರೆ ಬೋಳು ಮರ, ಜಿನುಗು ಮಳೆ, ಒದ್ದೆ ಡಾಂಬರು. ನೆಲವನ್ನು ಬೆಳ್ಳಗೆ ಬೆಳಗಿಸುವ ಹಿಮ ಸಾಮಾನ್ಯವಾಗಿ ಇನ್ನೂ ನಿಂತಿರುವುದಿಲ್ಲ. ಮನಸ್ಸು ಮಂಕಾಗುವುದು ಈ ದಿನಗಳಲ್ಲೇ. ಅದು ಏಕೆ, ಅದಕ್ಕೆ ಏನು ಮಾಡಬಹುದು ಎಂಬುದನ್ನು ಮೊದಲಿನಿಂದ ಹೇಳಿಕೊಡುತ್ತೇನೆ. ನಿಮಗೆ ಖಗೋಳವಾಗಲಿ ವೈದ್ಯವಾಗಲಿ ಗೊತ್ತಿರಬೇಕಾಗಿಲ್ಲ.

ಮೊದಲು ಸೂರ್ಯನ ಎತ್ತರವನ್ನು ಅಳೆಯೋಣ. ಅಳತೆಗೋಲು ನಿಮ್ಮ ಕೈಯೇ. ತೋಳನ್ನು ನೇರವಾಗಿ ಚಾಚಿ, ಹೆಬ್ಬೆರಳು ಮೇಲಿರುವಂತೆ ಮುಷ್ಟಿ ಕಟ್ಟಿ. ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯಷ್ಟು ಜಾಗವನ್ನು ಮುಚ್ಚುತ್ತದೆ. ಒಂದರ ಮೇಲೊಂದು ಮುಷ್ಟಿ ಇಡುತ್ತಾ ಹೋದರೆ ದಿಗಂತದಿಂದ ಯಾವುದು ಎಷ್ಟು ಎತ್ತರದಲ್ಲಿದೆ ಎಂದು ಎಣಿಸಬಹುದು. ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ಐದು ಮುಷ್ಟಿಗಿಂತ ಮೇಲಿರುತ್ತಾನೆ. ಅದೇ ದಿನ ಸ್ಟಾಕ್‌ಹೋಮಿನ ಸೂರ್ಯನ ಎತ್ತರ ಏಳು ಡಿಗ್ರಿಯ ಆಸುಪಾಸು. ಒಂದು ಮುಷ್ಟಿಯೂ ತುಂಬುವುದಿಲ್ಲ. ಎದುರಿನ ಕಟ್ಟಡದ ಮಾಡು ಅಡ್ಡ ಬಂದರೆ ಸಾಕು, ನಿಮ್ಮ ಕಿಟಕಿಗೆ ಆ ದಿನ ಸೂರ್ಯನೇ ಇಲ್ಲ.

ಕಾರಣ ಸರಳ. ಭೂಮಿ ತಿರುಗುವ ಅಕ್ಷ ನೆಟ್ಟಗಿಲ್ಲ, 23.4 ಡಿಗ್ರಿಯಷ್ಟು ವಾಲಿದೆ. ಡಿಸೆಂಬರಿನಲ್ಲಿ ಉತ್ತರದ ಭಾಗ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಬೆಂಗಳೂರು ಸಮಭಾಜಕದಿಂದ ಉತ್ತರಕ್ಕೆ 13 ಡಿಗ್ರಿಯಷ್ಟೇ ಇರುವುದರಿಂದ ಅಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿಯಲ್ಲಿ. ಇಲ್ಲಿ ಅದು ಆರು ಗಂಟೆಗೆ ಇಳಿಯುತ್ತದೆ. ಮಲೆನಾಡಿನಿಂದ ಬಂದವರು ಆಷಾಢದ ಜಡಿಮಳೆ ಕಂಡವರು, ವಾರಗಟ್ಟಲೆ ಬಿಸಿಲಿಲ್ಲದೆ ಬದುಕಿದವರು. ಆದರೆ ಆ ಮೋಡದ ಹಿಂದೆ ಹದಿಮೂರು ಗಂಟೆಯ ಹಗಲು, ನೆತ್ತಿಯ ಮೇಲಿನ ಸೂರ್ಯ ಇದ್ದೇ ಇರುತ್ತವೆ. ಇಲ್ಲಿ ಕುಗ್ಗಿರುವುದು ಹಗಲೇ. ಆದ್ದರಿಂದ ಊರಿನ ಅಭ್ಯಾಸ ಇಲ್ಲಿ ಕೈಹಿಡಿಯುವುದಿಲ್ಲ.

ಈಗ ದೇಹದ ಕಡೆಗೆ ಬನ್ನಿ. ನಮ್ಮ ಮಿದುಳಿನೊಳಗೆ ಒಂದು ಗಡಿಯಾರವಿದೆ. ಯಾವಾಗ ನಿದ್ದೆ, ಯಾವಾಗ ಎಚ್ಚರ, ಯಾವಾಗ ಹಸಿವು ಎಂಬುದನ್ನು ನಡೆಸುವ ಒಂದು ಪುಟ್ಟ ನರಕೋಶಗಳ ಗುಂಪು ಅದು. ಅದರ ಸುತ್ತು 24 ಗಂಟೆಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಹೆಚ್ಚಿನವರಲ್ಲಿ ತುಸು ನಿಧಾನ. ದಿನವೂ ಅದನ್ನು ಸರಿಪಡಿಸುವುದು ಬೆಳಗಿನ ಬೆಳಕು. ಆ ಬೆಳಕು ಒಳಗೆ ಹೋಗುವ ದಾರಿ ಕಣ್ಣು. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕೆಂದು ಇರುವ ಕೋಶಗಳ ಜೊತೆಗೆ, ‘ಹಗಲಾಯಿತು’ ಎಂಬ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುವ ಬೇರೆ ಕೋಶಗಳೂ ಇವೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಸುದ್ದಿ ಮುಟ್ಟಿದಾಗ ಮೆಲಟೋನಿನ್ ಇಳಿಯುತ್ತದೆ. ಮೆಲಟೋನಿನ್ ಎಂದರೆ ಕತ್ತಲಾದಾಗ ಮಿದುಳಿನ ಒಂದು ಗ್ರಂಥಿ ಸ್ರವಿಸುವ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ರಸ. ಕತ್ತಲಲ್ಲೇ ಎದ್ದು, ಸುರಂಗದ ರೈಲು ಹತ್ತಿ, ದೀಪದ ಕೆಳಗೆ ದಿನವಿಡೀ ಕುಳಿತು, ಕತ್ತಲಲ್ಲೇ ಮನೆಗೆ ಮರಳುವವರ ಗಡಿಯಾರಕ್ಕೆ ಬೆಳಗಿನ ಸುದ್ದಿ ಮುಟ್ಟುವುದೇ ಇಲ್ಲ.

ನನ್ನ ಮೊದಲ ನವೆಂಬರಿನಲ್ಲಿ ರಜೆಯ ದಿನ ಹನ್ನೆರಡಕ್ಕೆ ಎದ್ದು, ತಟ್ಟೆ ತುಂಬ ಅನ್ನ ಉಂಡು, ಮೂರಕ್ಕೆ ಮತ್ತೆ ಮಲಗುತ್ತಿದ್ದೆ. ಸೋಮಾರಿಯಾಗಿಬಿಟ್ಟೆ ಎಂದು ನಾಚಿಕೆಪಟ್ಟು ಯಾರಿಗೂ ಹೇಳಲಿಲ್ಲ. ಅತಿಯಾದ ನಿದ್ದೆ, ಅನ್ನ ಸಿಹಿಗಳ ಹಂಬಲ, ಜನರಿಂದ ದೂರ ಸರಿಯುವುದು, ಇವೆಲ್ಲ ಬೆಳಕಿನ ಕೊರತೆಗೆ ಹೆಣೆದುಕೊಂಡ ಲಕ್ಷಣಗಳು ಎಂದು ತಿಳಿದಿದ್ದು ಆಮೇಲೆ. ಈ ಸ್ಥಿತಿ ತೀವ್ರವಾಗಿ, ಪ್ರತಿವರ್ಷ ಇದೇ ಕಾಲಕ್ಕೆ ಮರುಕಳಿಸಿ, ವಸಂತದಲ್ಲಿ ತಾನಾಗಿ ಇಳಿದರೆ ವೈದ್ಯರು ಅದನ್ನು ಋತುಕಾಲಿಕ ಖಿನ್ನತೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಅದನ್ನು ವಿವರಿಸಿದರು. ರೋಸೆಂಥಾಲ್ ಬೆಳೆದದ್ದು ಬಿಸಿಲಿನ ದಕ್ಷಿಣ ಆಫ್ರಿಕಾದಲ್ಲಿ. ಉತ್ತರಕ್ಕೆ ಬಂದ ಮೇಲೆ ಚಳಿಗಾಲದಲ್ಲಿ ತಮ್ಮ ಚೈತನ್ಯವೇ ಕುಂದುವುದನ್ನು ಅವರೂ ಕಂಡವರು. ಹಾಗಾಗಿ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ಮೊದಲು ನಿಲ್ಲಿಸಿ.

ಮಾಡಬೇಕಾದ ಮುಖ್ಯ ಕೆಲಸ ಒಂದೇ: ಬೆಳಕು ಹರಿದ ಮೇಲೆ, ಮಧ್ಯಾಹ್ನಕ್ಕೆ ಮೊದಲು, ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡವಿದ್ದರೂ ಸರಿ. ‘ಹೊರಗೂ ಕತ್ತಲೇ, ಹೋಗಿ ಏನು ಲಾಭ’ ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ಬಿಡಿಸಿ ಹೇಳಬೇಕು. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಒಂದು ಮೇಣದಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು 1 ಲಕ್ಸ್. ದೀಪ ಹಚ್ಚಿದ ನಿಮ್ಮ ಕೋಣೆಯಲ್ಲಿ 100ರಿಂದ 300 ಲಕ್ಸ್ ಇದ್ದೀತು. ಮೋಡ ಮುಚ್ಚಿದ ಹಗಲಿನಲ್ಲೂ ಹೊರಗೆ ಸಾವಿರದ ಲೆಕ್ಕದಲ್ಲಿರುತ್ತದೆ. ಇಷ್ಟು ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಬೆಳಕು ಹೆಚ್ಚಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಹಿಂಪರದೆ ತನ್ನ ಸೂಕ್ಷ್ಮತೆಯನ್ನು ತಗ್ಗಿಸಿಕೊಂಡು ಸರಿದೂಗಿಸುತ್ತದೆ. ಬೇಕಾದರೆ ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಒಮ್ಮೆ ಕೋಣೆಯಲ್ಲಿ, ಒಮ್ಮೆ ಬಾಗಿಲ ಹೊರಗೆ ನೋಡಿ. ಅಳತೆ ಕರಾರುವಾಕ್ಕಾಗಿ ಇರಲಿಕ್ಕಿಲ್ಲ, ಅಂತರ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಹೊರಗೆ ಹೋಗಲು ಆಗದವರಿಗೆ ಬೆಳಕಿನ ಪೆಟ್ಟಿಗೆ ಇದೆ. 10,000 ಲಕ್ಸ್ ಕೊಡುವ ದೀಪದ ಮುಂದೆ, ತಯಾರಕರು ಹೇಳಿದ ದೂರದಲ್ಲಿ, ಎದ್ದ ಕೂಡಲೇ ಸುಮಾರು ಅರ್ಧ ಗಂಟೆ ಕೂರುವುದು ವಾಡಿಕೆ. ದೀಪವನ್ನೇ ದಿಟ್ಟಿಸಬೇಡಿ, ತುಸು ಪಕ್ಕಕ್ಕಿಟ್ಟು ಕಾಫಿ ಕುಡಿಯಿರಿ, ಓದಿ. ಕಣ್ಣಿನ ಕಾಯಿಲೆ ಇರುವವರು, ಮನಸ್ಸು ಅತಿ ಉಬ್ಬಿ ಅತಿ ಕುಗ್ಗುವ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಈ ಪೆಟ್ಟಿಗೆಯಿಂದ ಡಿ ಜೀವಸತ್ವ ಸಿಗುವುದಿಲ್ಲ, ಅದು ಬೇರೆಯೇ ವಿಷಯ. ಚಳಿಗಾಲದ ಇಲ್ಲಿನ ಬಿಸಿಲಿನಲ್ಲೂ ಚರ್ಮ ಅದನ್ನು ತಯಾರಿಸಲಾರದು. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮಕ್ಕೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ.

ಈ ಉತ್ತರದ ನಾಡುಗಳಲ್ಲೇ ಹುಟ್ಟಿ ಬೆಳೆದವರಿಗೂ ಸೂರ್ಯನ ಹಸಿವು ಕಡಿಮೆಯಲ್ಲ. ನಾರ್ವೆಯ ಕಣಿವೆಯಲ್ಲಿ ರ್‍ಯೂಕನ್ ಎಂಬ ಪಟ್ಟಣವಿದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬೆಟ್ಟದ ನೆರಳು ಅದನ್ನು ಬಿಡುವುದಿಲ್ಲ. ಅಲ್ಲಿನ ಜನ ಮೇಲೇರಿ ಬಿಸಿಲು ಕಾಣಲೆಂದೇ 1928ರಲ್ಲಿ ರೋಪ್‌ವೇ ಹಾಕಿದರು. 2013ರಲ್ಲಿ ಬೆಟ್ಟದ ಮೇಲೆ ಸೂರ್ಯನೊಡನೆ ತಿರುಗುವ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ, ಬಿಸಿಲನ್ನು ಪೇಟೆಯ ಚೌಕಕ್ಕೇ ಇಳಿಸಿಕೊಂಡರು.

ಸಂಜೆಯ ಪಾಠ ಬೆಳಗಿನದಕ್ಕೆ ತದ್ವಿರುದ್ಧ. ಆಗ ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ. ಬೇಕಿರುವುದು ಮಂದವಾದ, ಬೆಚ್ಚನೆಯ ಬೆಳಕು. ನಮಗೆ ಇದು ಹೊಸದೇನಲ್ಲ. ನವೆಂಬರ್ ಬಹುಪಾಲು ಕಾರ್ತಿಕ ಮಾಸ. ಊರಿನಲ್ಲಿ ಅಮ್ಮ ತುಳಸಿಕಟ್ಟೆಗೆ ಹಣತೆ ಇಡುವ ಹೊತ್ತಿಗೆ ನೀವೂ ಕಿಟಕಿಯಲ್ಲಿ ಒಂದು ಇಡಿ, ಪರದೆಯಿಂದ ದೂರವಿರಲಿ. ಹಣತೆಯ ಒಂದೆರಡು ಲಕ್ಸ್ ಗಡಿಯಾರವನ್ನು ಕದಲಿಸದು. ಆದರೆ ದೀಪ ಹಚ್ಚಿದ ಮನೆಗೆ ಯಾರನ್ನಾದರೂ ಕರೆಯಬೇಕೆನಿಸುತ್ತದೆ. ಕರೆಯಿರಿ, ಕಡಲೆಕಾಳಿನ ಉಸಲಿ ಮಾಡಿ. ಡಿಸೆಂಬರ್ ಹತ್ತಿರವಾದಂತೆ ಎದುರು ಮನೆಯ ಸ್ವೀಡಿಷ್ ಕಿಟಕಿಗಳಲ್ಲೂ ಕಾಗದದ ನಕ್ಷತ್ರಗಳು, ಏಳು ದೀಪದ ಕಮಾನುಗಳು ಹೊತ್ತಿಕೊಳ್ಳುತ್ತವೆ.

ಇಷ್ಟೆಲ್ಲ ಮಾಡಿಯೂ ಎರಡು ವಾರ ಮನಸ್ಸು ಏಳದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋಗಿ. ಆರೋಗ್ಯ ಸಲಹೆಗೆ ಸ್ವೀಡನ್ನಿನಲ್ಲಿ 1177ಕ್ಕೆ ಕರೆ ಮಾಡಬಹುದು. ಬದುಕುವುದೇ ಬೇಡವೆಂಬ ಯೋಚನೆ ಬಂದರೆ ತಡಮಾಡದೆ 112.

ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಒಂದು ಸಾಲು ಸಾಕು: ಎಷ್ಟಕ್ಕೆ ಎದ್ದಿರಿ, ಎಷ್ಟು ಹೊತ್ತು ಹೊರಗಿದ್ದಿರಿ, ಮನಸ್ಸು ಹೇಗಿತ್ತು. ಮೋಡವಿಲ್ಲದ ದಿನ ನಡುಹಗಲಿಗೆ ಬಯಲಿಗೆ ಹೋಗಿ, ಸೂರ್ಯನನ್ನು ನೇರವಾಗಿ ನೋಡದೆ ಮುಷ್ಟಿಯಿಂದ ಮರೆಮಾಡಿ ಎತ್ತರ ಎಣಿಸಿ, ಅದನ್ನೂ ಬರೆಯಿರಿ. ನವೆಂಬರ್ ಮಧ್ಯದಲ್ಲಿ ಒಂದು ಮುಷ್ಟಿಗಿಂತ ತುಸು ಹೆಚ್ಚು. ಡಿಸೆಂಬರ್ 21ಕ್ಕೆ ಒಂದಕ್ಕೂ ಕಡಿಮೆ. ಫೆಬ್ರವರಿ ಮಧ್ಯಕ್ಕೆ ಹೆಚ್ಚುಕಡಿಮೆ ಎರಡು. ಮಾರ್ಚ್ 20ರಂದು ಮೂರನೆಯ ಮುಷ್ಟಿ ಇಡಲು ಕೈ ಬದಲಾಯಿಸಬೇಕಾಗುತ್ತದೆ.