‘ಸುಮ್ನ ಕುಂದ್ರು’ ಅನ್ನಬೇಡಿ

ಓದು ಮುಗಿಸಿ, ಕೆಲಸ ಹಿಡಿದು, ಮನೆಯ ಭಾರಕ್ಕೆ ಹೆಗಲು ಕೊಡುತ್ತಿರುವ ನಮ್ಮೂರಿನ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು ಹೇಳುವುದಿದೆ. ಅಜ್ಜ ಎಮ್ಮೆಗೆ ಮೇವು ಹಾಕಲು ಎದ್ದಾಗ, ಅವ್ವ ರೊಟ್ಟಿ ಬಡಿಯಲು ಕೂತಾಗ, ಅಪ್ಪ ಹೊಲದ ಕಡೆ ಮುಖ ಮಾಡಿದಾಗ ನೀವು ಏನು ಹೇಳುತ್ತೀರಿ ಎಂಬುದು ನನಗೆ ಗೊತ್ತು. ‘ನಿನಗ್ಯಾಕ ಬೇಕ ಯಜ್ಜಾ ಈಗ ಇದು? ಸುಮ್ನ ಕುಂದ್ರು.’ ಪ್ರೀತಿಯಿಂದಲೇ ಅನ್ನುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತನ್ನು ದಿನಾಲೂ ಕೇಳುವ ಮನುಷ್ಯ ಕೆಲವೇ ವರ್ಷಗಳಲ್ಲಿ ಕಟ್ಟೆಯಿಂದ ಏಳಲೂ ಇನ್ನೊಬ್ಬರ ಕೈ ಹಿಡಿಯುವ ಹಾಗಾಗುವುದನ್ನು ಕದರಮಂಡಲಗಿಯ ಓಣಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಎಷ್ಟನೇ ವರ್ಷಕ್ಕೆ ಮುಪ್ಪು ಎಂದು ಕೇಳಿದರೆ ಒಂದೊಂದು ಕಚೇರಿಯ ಕಾಗದ ಒಂದೊಂದು ಹೇಳುತ್ತದೆ. ಹಿರಿಯ ನಾಗರಿಕರ ಪಾಲನೆಗೆ ಬಂದ 2007ರ ಕಾಯ್ದೆಗೆ 60. ಸಂಧ್ಯಾ ಸುರಕ್ಷಾ ಪಿಂಚಣಿಗೆ 65. 2024ರಲ್ಲಿ ಬಂದ ಆಯುಷ್ಮಾನ್ ವಯೋವಂದನಾ ಕಾರ್ಡಿಗೆ 70. ಆದಾಯ ತೆರಿಗೆಯವರು 80 ಮುಟ್ಟಿದವರಿಗೆ ಬೇರೆಯದೇ ಲೆಕ್ಕ ಇಟ್ಟಿದ್ದಾರೆ. ಜರ್ಮನಿ 1889ರಲ್ಲಿ ಮುಪ್ಪಿನ ಪಿಂಚಣಿ ಶುರು ಮಾಡಿದಾಗ 70 ಎಂದು ಗೊತ್ತುಮಾಡಿತ್ತು, 1916ರಲ್ಲಿ ಅದನ್ನು 65ಕ್ಕೆ ಇಳಿಸಿತು. ಸಹಾಯ ಹಂಚುವವರಿಗೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಆ ಗೆರೆಯ ಮೇಲೆ ನನ್ನ ತಕರಾರಿಲ್ಲ. ಅದೇ ಗೆರೆಯನ್ನು ನೀವು ಮನೆಯೊಳಗೆ ತಂದು ಹೆತ್ತವರ ಮೇಲೆ ಎಳೆಯಬಾರದು, ಅಷ್ಟೇ.

ನಮ್ಮ ತಲೆಮಾರಿನ ಅನೇಕರ ವಯಸ್ಸು ಕಾಗದದಲ್ಲಿ ಸರಿಯಾಗಿಯೂ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಂಡರು. ಶಾಲೆಯ ಮೆಟ್ಟಿಲು ಹತ್ತದವರ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿರುತ್ತದೆ. ಅವ್ವಂದಿರು ಲೆಕ್ಕ ಹಿಡಿಯುತ್ತಿದ್ದುದು ಬರ ಬಿದ್ದ ವರ್ಷದಿಂದ, ಗಾಂಧೀಜಿ ತೀರಿಕೊಂಡ ವರ್ಷದಿಂದ. ಅಂಥ ಅಂಕಿಯನ್ನು ನಂಬಿ ಒಬ್ಬ ಮನುಷ್ಯನ ಕೈಯಿಂದ ಕುಡುಗೋಲು ಕಸಿದುಕೊಳ್ಳುತ್ತೀರಾ?

ಇನ್ನೊಂದು ಸಂಗತಿಯನ್ನೂ ತಿಳಿದುಕೊಳ್ಳಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದೇಶದ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಹಾಗೆಂದು ಆಗ 40ಕ್ಕೇ ಎಲ್ಲರೂ ಮುದುಕರಾಗುತ್ತಿದ್ದರು ಎಂದುಕೊಳ್ಳಬೇಡಿ. ತೊಟ್ಟಿಲಲ್ಲೇ ಹೋದ ಕೂಸುಗಳು, ಹೆರಿಗೆಯಲ್ಲಿ ಹೋದ ತಾಯಂದಿರು, ಪ್ಲೇಗು ಕಾಲರಾಗಳಿಗೆ ಹೋದವರು ಆ ಸರಾಸರಿಯನ್ನು ಕೆಳಗೆ ಎಳೆದಿದ್ದರು. ಬದುಕಿ ಉಳಿದವರಲ್ಲಿ ಅನೇಕರು ಗಟ್ಟಿಯಾಗಿಯೇ ಇರುತ್ತಿದ್ದರು, ಕಣ್ಣು ಮುಚ್ಚುವ ತನಕ ಮನೆಯಲ್ಲಿ ಅವರಿಗೊಂದು ಕೆಲಸವೂ ಇರುತ್ತಿತ್ತು. ಹರೆಯದಲ್ಲೇ ಹೋದವರೂ ಇದ್ದರು. ಪಕ್ಕದ ಮೋಟೆಬೆನ್ನೂರಿನ ಮೈಲಾರ ಮಹದೇವ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 31 ವರ್ಷ. ಅವರಂಥವರಿಗೆ ಸಿಗದ ನಾಲ್ಕು ದಶಕಗಳು ನಮಗೆ ಸಿಕ್ಕಿವೆ. ಅವನ್ನು ಗೋಡೆಗೆ ಒರಗಿ ಕಳೆಯಿರಿ ಎಂದು ನಮಗೆ ಹೇಳಬೇಡಿ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನೀವೂ ಆಡುತ್ತೀರಿ. ಬೇಂದ್ರೆಯವರು ಅರವತ್ತರ ಹೊತ್ತಿಗೆ ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು, 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜ್ಞಾನಪೀಠ ತಂದುಕೊಟ್ಟ ‘ನಾಕು ತಂತಿ’ ಹೊರಬಂದದ್ದು ಅದಕ್ಕೂ ಆಮೇಲೆ, 1964ರಲ್ಲಿ. ಆಗ ಅವರಿಗೆ 68. ಗಂಗೂಬಾಯಿ ಹಾನಗಲ್ ಕ್ಯಾನ್ಸರ್ ಗೆದ್ದು ಬಂದು, 2006ರಲ್ಲಿ, 93ರ ವಯಸ್ಸಿನಲ್ಲಿ ವೇದಿಕೆಯ ಮೇಲೆ ಕೂತು ಹಾಡಿದರು. ನಮ್ಮ ಜಿಲ್ಲೆಯ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೆ ಕಣ್ಣಿರಲಿಲ್ಲ. 1944ರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತವರು 2010ರಲ್ಲಿ ದೇಹ ಬಿಡುವ ತನಕ ಅದನ್ನು ಕೆಳಗಿಳಿಸಲಿಲ್ಲ. ಇವರೆಲ್ಲ ದೊಡ್ಡವರು, ನಮ್ಮ ಅಜ್ಜನಿಗೂ ಅವರಿಗೂ ಏನು ಹೋಲಿಕೆ ಎನ್ನಬಹುದು ನೀವು. ಆದರೆ ಗಮನಿಸಿ: ಮುಂಜಾನೆ ಎದ್ದರೆ ಇವರಿಗಾಗಿ ಕಾಯುತ್ತಿದ್ದ ಒಂದು ಕೆಲಸವಿತ್ತು, ಕಲಿಸಿಕೊಡಿ ಎಂದು ಕೇಳಿಕೊಂಡು ಬರುವವರಿದ್ದರು. ಅಜ್ಜನಿಗೆ ನೀವು ಕೊಡಬಹುದಾದದ್ದೂ ಅದೇ.

ಹಿರಿಯರಿಗೆ ಹೊಣೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಅಮೆರಿಕನ್ ಮನಃಶಾಸ್ತ್ರಜ್ಞೆಯರು ಒಂದು ವೃದ್ಧಾಶ್ರಮದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಗುಂಪಿನ ಹಿರಿಯರಿಗೆ ಒಂದೊಂದು ಗಿಡ ಕೊಟ್ಟು, ಇದಕ್ಕೆ ನೀರು ಹಾಕುವುದು ನಿಮ್ಮ ಹೊಣೆ, ನಿಮ್ಮ ಕೋಣೆ ಹೇಗಿರಬೇಕು ಎಂಬುದೂ ನಿಮಗೇ ಬಿಟ್ಟದ್ದು ಎಂದರು. ಇನ್ನೊಂದು ಗುಂಪಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕುವುದರಿಂದ ಹಿಡಿದು ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ ಎಂದರು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಲವಲವಿಕೆಯಿಂದ ಓಡಾಡತೊಡಗಿದರು, ನಾಲ್ಕು ಜನರ ಜೊತೆ ಬೆರೆತರು. ಎರಡನೆಯ ಗುಂಪಿಗೆ ಸಿಕ್ಕ ಮಾತೇ ನಮ್ಮ ಮನೆಗಳಲ್ಲಿ ದಿನಾ ಕೇಳಿಬರುವುದು. ಮೈಯ ಲೆಕ್ಕವೂ ಹಾಗೇ. 30 ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತಾ ಹೋಗುತ್ತದೆ, ಕೂತವರಲ್ಲಿ ಬೇಗ ಕರಗುತ್ತದೆ. 65 ದಾಟಿದವರೂ ವಾರಕ್ಕೆ 150 ನಿಮಿಷವಾದರೂ ಮೈ ಬಳಸಬೇಕು, ಬೀಳದ ಹಾಗೆ ತೋಲ ಕಾಯುವ ಕಸರತ್ತು ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. (ಮೊಬೈಲು ಹಿಡಿದು ಮಂಚ ಬಿಡದ ಇಪ್ಪತ್ತರ ಹುಡುಗರೂ ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಲಿ. ನಿಮ್ಮ ಮುಪ್ಪಿಗೆ ಬೇಕಾದ ಎಲುಬು, ಸ್ನಾಯು ಈಗಲೇ ಕಟ್ಟಿಕೊಳ್ಳುವಂಥವು.)

ನಮ್ಮೂರಿನ ದೇವರ ಕಥೆಯಲ್ಲೇ ಒಬ್ಬ ಹಿರಿಯನಿದ್ದಾನೆ. ಶ್ರಾವಣದಲ್ಲಿ ಇಲ್ಲಿನ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಂತರನ್ನೂ ಒಂದೇ ದಿನ ನೋಡಬೇಕೆಂದು ಗಾಡಿ ಹತ್ತುವ ನೀವು ಕಿಷ್ಕಿಂಧಾಕಾಂಡದ ಆ ಸಂದರ್ಭವನ್ನು ನೆನೆಯಿರಿ. ಸೀತೆಯನ್ನು ಹುಡುಕಿ ಬಂದ ಕಪಿವೀರರ ಎದುರಿಗೆ ನೂರು ಯೋಜನದ ಕಡಲು. ಯಾರು ಎಷ್ಟು ಹಾರಬಲ್ಲರು ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಜಾಂಬವಂತ, ಹರೆಯದಲ್ಲಿ ತಾನು ತ್ರಿವಿಕ್ರಮನನ್ನೇ ಪ್ರದಕ್ಷಿಣೆ ಹಾಕಿದ್ದೆ, ಈಗ ವಯಸ್ಸಾಗಿದೆ, ತೊಂಬತ್ತು ಯೋಜನ ಹಾರಬಲ್ಲೆ ಎನ್ನುತ್ತಾನೆ. ಆಗುವುದೇ ಇಲ್ಲ ಎಂದು ಮೂಲೆ ಸೇರಲಿಲ್ಲ, ಆಗದ ನೂರನ್ನು ಆಗುತ್ತದೆ ಎಂದೂ ಹೇಳಲಿಲ್ಲ. ಆಮೇಲೆ ಮಾತಿಲ್ಲದೆ ಒಂದು ಕಡೆ ಕೂತಿದ್ದ ಹನುಮಂತನ ಬಳಿ ಹೋಗಿ ಅವನ ಶಕ್ತಿ ಏನೆಂದು ಅವನಿಗೇ ನೆನಪಿಸಿದ. ಸುಮ್ಮನೆ ಮನೆಯಲ್ಲಿರು ತಾತಾ ಎಂದು ಅವನನ್ನು ಕಿಷ್ಕಿಂಧೆಯಲ್ಲೇ ಬಿಟ್ಟು ಬಂದಿದ್ದರೆ ಆ ಮಾತು ಹೇಳಲು ಕಡಲ ದಂಡೆಯಲ್ಲಿ ಯಾರಿರುತ್ತಿದ್ದರು? ನಿಮ್ಮ ಮನೆಯ ಹಿರಿಯರಿಗೂ ಅವರ ತೊಂಬತ್ತು ಎಷ್ಟು ಎಂದು ಕೇಳಿ. ಅದು ಹತ್ತೇ ಆಗಿರಲಿ, ಅವರೇ ಹೇಳಲಿ.

ಒಂದು ಕಡೆ ಮಾತ್ರ ನನ್ನ ಮಾತನ್ನು ತಪ್ಪು ತಿಳಿಯಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಗಳ ಮುಂದೆ ಕೂತು, ಘಾಟಿಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ತೊಟ್ಟು ಮುರಿಯುವ ಮುದುಕಿಯರಿದ್ದಾರೆ. ಅವರು ಉತ್ಸಾಹಕ್ಕೆ ದುಡಿಯುತ್ತಿಲ್ಲ. ಆ ದಿನದ ಕೂಲಿ ಬರದಿದ್ದರೆ ಒಲೆ ಉರಿಯುವುದಿಲ್ಲ. ಅವರನ್ನು ತೋರಿಸಿ ‘ನೋಡು, ಈ ವಯಸ್ಸಿನಾಗೂ ಎಷ್ಟು ಗಟ್ಟಿ’ ಎಂದು ಹೊಗಳಿ ಮುಂದೆ ಹೋಗಬೇಡಿ. ಅವರ ಪಿಂಚಣಿ ಕಾಗದ ಎಲ್ಲಿ ನಿಂತಿದೆ ಎಂದು ವಿಚಾರಿಸಿ, ಬರೆದುಕೊಡಿ, ಕಚೇರಿಗೆ ಜೊತೆಗೆ ಹೋಗಿ. ಜೀವನವಿಡೀ ಬೆನ್ನು ಬಾಗಿಸಿ ದುಡಿದವರಿಗೆ ಕೂರಬೇಕೆನಿಸಿದರೆ ಕೂರುವ ಹಕ್ಕೂ ಇದೆ.

ವಯಸ್ಸಾಯಿತು ಬಿಡು ಎನ್ನುವ ಮೊದಲು ದವಾಖಾನೆಗೆ ಒಮ್ಮೆ ಕರೆದುಕೊಂಡು ಹೋಗಿ. ಓದುವುದು ಬಿಟ್ಟ ಅಪ್ಪನ ಕಣ್ಣಿನಲ್ಲಿ ಪೊರೆ ಬಂದಿರಬಹುದು, ಅದು ಶಸ್ತ್ರಚಿಕಿತ್ಸೆಯಿಂದ ಹೋಗುವಂಥದ್ದು. ಮಾತು ಕಡಿಮೆ ಮಾಡಿದ ಅಜ್ಜಿಗೆ ಕಿವಿ ಕೇಳಿಸದಿರಬಹುದು. ಮರೆವಿನ ಕಾಯಿಲೆಯ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ನಾವು ತಡೆಯಬಹುದಾದ ಕಾರಣಗಳಲ್ಲಿ ಕಿವಿ ಮಂದವಾಗುವುದನ್ನೂ ಕಣ್ಣು ಮಂಜಾಗುವುದನ್ನೂ, ಒಂಟಿಯಾಗಿ ಉಳಿಯುವುದನ್ನೂ ಹೆಸರಿಸಿದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಹಾಕಿಸಿ. ಜಾರದ ಚಪ್ಪಲಿ ಕೊಡಿಸಿ. ಸುಮ್ನ ಕುಂದ್ರು ಎನ್ನುವುದಕ್ಕಿಂತ ಇದಕ್ಕೆ ಖರ್ಚು ಜಾಸ್ತಿ, ತಾಪತ್ರಯವೂ ಜಾಸ್ತಿ, ಗೊತ್ತು ನನಗೆ. ಆದರೂ ಮಾಡಿ.

ಮುಂದಿನ ಮುಂಗಾರಿಗೆ ಮುಂಚೆ ಇನ್ನೊಂದು ಕೆಲಸ. ಬೀಜ ಗೊಬ್ಬರ ತಂದಾದ ಮೇಲೆ ಅಪ್ಪನಿಗೆ ಸುದ್ದಿ ಮುಟ್ಟಿಸುವುದಲ್ಲ. ಅದಕ್ಕೂ ಮೊದಲೇ ಹತ್ತಿರ ಕೂತು, ಗೋವಿನಜೋಳ ಎಷ್ಟು ಹಾಕೋಣ, ಮೆಣಸಿನಕಾಯಿಗೆ ಯಾವ ಹೊಲ ಬಿಡೋಣ ಎಂದು ಕೇಳಿ. ಕೇಳಿದ ಮೇಲೆ ಒಂದು ಹೊಲವನ್ನಾದರೂ ಅವರು ಹೇಳಿದಂತೆಯೇ ಬಿತ್ತಿ, ಫಸಲು ಬರುವ ತನಕ ಅದರ ಉಸ್ತುವಾರಿಯನ್ನು ಅವರಿಗೇ ಬಿಡಿ.