ಸ್ಟಿಯರಿಂಗ್‌ಗಿಂತ ಮೊದಲು ಮೇಜು ನೋಡಿ

ಪ್ರಶ್ನೆ: ಮಗ ಪ್ಲೇಸ್ಟೇಷನ್ 5ರಲ್ಲಿ ಗ್ರಾನ್ ಟುರಿಸ್ಮೊ 7 ಆಡುತ್ತಾನೆ. ಫೋರ್ಸ್ ಫೀಡ್‌ಬ್ಯಾಕ್ ಸ್ಟಿಯರಿಂಗ್ ಬೇಕೆಂದು ಹಟ ಹಿಡಿದಿದ್ದಾನೆ. ಅಷ್ಟು ದುಡ್ಡು ಹಾಕಬಹುದೇ?

ಉತ್ತರ: ಆಸಕ್ತಿ ನಿಜವಾದದ್ದಾದರೆ ಖಂಡಿತ ಹಾಕಬಹುದು. ಈ ಸ್ಟಿಯರಿಂಗ್‌ನ ಬುಡದಲ್ಲಿ ಮೋಟಾರ್ ಇರುತ್ತದೆ. ಆಟದ ಕಾರಿನ ಮುಂದಿನ ಚಕ್ರಗಳ ಮೇಲೆ ಬೀಳುವ ಒತ್ತಡವನ್ನು ಅದು ಕೈಗೆ ಮುಟ್ಟಿಸುತ್ತದೆ. ತಿರುವಿನಲ್ಲಿ ವೇಗ ಮಿತಿಮೀರಿ ಮುಂದಿನ ಟೈರ್ ಹಿಡಿತ ಬಿಟ್ಟಿತೆನ್ನಿ, ಬಿಗಿಯಾಗಿದ್ದ ಸ್ಟಿಯರಿಂಗ್ ಥಟ್ಟನೆ ಹಗುರಾಗುತ್ತದೆ. ಆ ಸೂಚನೆಯನ್ನು ಕೈ ಗುರುತಿಸತೊಡಗಿದರೆ ಚಾಲನೆ ತಾನಾಗಿ ಸುಧಾರಿಸುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಕನ್ಸೋಲ್‌ನ ಹೆಸರು ಓದಿ. ಲಾಜಿಟೆಕ್ ಜಿ29 ಪ್ಲೇಸ್ಟೇಷನ್‌ಗೆ ಹೊಂದುತ್ತದೆ. ನೋಡಲು ಅದರಂತೆಯೇ ಇರುವ ಜಿ920 ಎಕ್ಸ್‌ಬಾಕ್ಸ್‌ನದು. ಜಿ29 ಗೇರ್ ಹಲ್ಲುಗಳಿಂದ ನಡೆಯುವುದರಿಂದ ಸ್ವಲ್ಪ ಸದ್ದು ಮಾಡುತ್ತದೆ. ಆದರೆ 900 ಡಿಗ್ರಿ ತಿರುಗುತ್ತದೆ, ಮೂರು ಪೆಡಲ್ ಜೊತೆಗೇ ಬರುತ್ತವೆ. ಕಲಿಯುವವನಿಗೆ ಧಾರಾಳವಾಯಿತು. ಬೆಲ್ಟ್ ಇರುವವು ಇನ್ನೂ ನಯ. ಸ್ಟಿಯರಿಂಗನ್ನು ನೇರವಾಗಿ ಮೋಟಾರಿಗೇ ಜೋಡಿಸಿದ ಡೈರೆಕ್ಟ್ ಡ್ರೈವ್ ಎಲ್ಲಕ್ಕಿಂತ ಸ್ಪಷ್ಟ, ಅಷ್ಟೇ ದುಬಾರಿ. ಅದು ಈಗಲೇ ಬೇಡ.

ಸ್ಟಿಯರಿಂಗನ್ನು ಹಗುರ ಮೇಜಿಗೆ ಬಿಗಿದರೆ ಮೇಜೇ ಅಲ್ಲಾಡುತ್ತದೆ. ಟೈಲ್ಸ್ ನೆಲದಲ್ಲಿ ಬ್ರೇಕ್ ತುಳಿದಾಗ ಪೆಡಲ್ ಹಿಂದೆ ಜಾರುತ್ತದೆ. ಅದನ್ನು ಗೋಡೆಗೆ ಒತ್ತಿ ಇಡಿ. ಮೊದಲು ಗಟ್ಟಿ ಮೇಜು, ಆಮೇಲೆ ಜಿ29. ಹಾಗೆ ಮಾಡಿದರೆ ನಿಮ್ಮ ದುಡ್ಡು ವ್ಯರ್ಥವಾಗದು.