ಗುಂಡುಗುಂಡಾದ ಕೂಸು

4 ಕಿಲೋ ತೂಗುವ ಗುಂಡುಗುಂಡಾದ ಕೂಸನ್ನು ಕಂಡು ಮನೆಮಂದಿ ಹಿಗ್ಗುವುದು ಸಹಜ. ವೈದ್ಯರಾದರೋ, ಬಸುರಿನಲ್ಲಿ ತಾಯಿಗೆ ಮಧುಮೇಹವಿತ್ತೇ ಎಂದು ವಿಚಾರಿಸುವರು. ಇದರ ಮರ್ಮವನ್ನು ಡೆನ್ಮಾರ್ಕಿನ ವೈದ್ಯ ಪೆಡರ್ಸನ್ 1952ರಲ್ಲಿ ವಿವರಿಸಿದರು. ತಾಯಿಯ ರಕ್ತದಲ್ಲಿ ಮಿಕ್ಕ ಸಕ್ಕರೆಯು ಮಾಸಿನ ಮೂಲಕ ಭ್ರೂಣವನ್ನು ಸೇರುತ್ತದೆ. ಆಕೆಯ ಇನ್ಸುಲಿನ್ ಸೇರದು. ಆ ಸಕ್ಕರೆಯನ್ನು ಬಳಸಿಕೊಳ್ಳಲು ಭ್ರೂಣದ ಮೇದೋಜೀರಕವೇ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಮೈಯಲ್ಲಿ ಕೊಬ್ಬು ತುಂಬುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ. ಇನ್ಸುಲಿನ್ ಮಾತ್ರ ಒಡನೆ ತಗ್ಗದು. ಆಗ ರಕ್ತದ ಸಕ್ಕರೆ ಇಳಿದು ಕೂಸು ನಡುಗಬಹುದು, ಮಂಕಾಗಬಹುದು, ಸೆಳವಿಗೂ ತುತ್ತಾಗಬಹುದು. ಒಮ್ಮೊಮ್ಮೆ ಯಾವ ಚಿಹ್ನೆಯೂ ತೋರದು. ಆದಕಾರಣ ಹಿಮ್ಮಡಿ ಚುಚ್ಚಿ ರಕ್ತವನ್ನು ಪರೀಕ್ಷಿಸುವರು, ಮೊದಲ ಗಂಟೆಯೊಳಗೇ ಎದೆಹಾಲೂಡಿಸುವರು. ಜೇನು ನೆಕ್ಕಿಸುವ ನಮ್ಮ ಹಳೆಯ ರೂಢಿ ಇಲ್ಲಿ ಸಲ್ಲದು. ಹಾಲಿನಿಂದಲೂ ಸಕ್ಕರೆ ಏರದಿದ್ದರೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುವರು.